ಒಂದು ಸೀಸೆ ರಕ್ತ

ತಂಗಿ ಅಕ್ಕನ ತಲೆ ಬಾಚುತ್ತಿದ್ದಳು. ಬದುಕಿದ್ದಾಗ ಕನ್ನಡಿಯ ಮುಂದೆ ಗಳಿಗೆ ಹೊತ್ತು ನಿಂತವಳಲ್ಲ ಅಕ್ಕ. ನಿನ್ನೆ ಎದೆನೋವು ಬಂದು ಹೋಗಿಬಿಟ್ಟಿದ್ದಳು. ಈಗ ಸಿಕ್ಕು ಬಿಡಿಸಿದರೂ ತಕರಾರಿಲ್ಲ.

"ಜೀವಮಾನವೆಲ್ಲ ಹೆಂಗಸರ ರಕ್ತ ಪರೀಕ್ಷೆ ಮಾಡಿದ್ಳು. ಕೊನೆಗೆ ಏನಾದ್ರೂ ಸಿಕ್ತಾ?" ಬಾಗಿಲಲ್ಲಿ ನಿಂತಿದ್ದ ಸೋದರಮಾವ ಕೇಳಿದರು.

"ಯಾವ್ಯಾವ್ದು ಅಲ್ಲ ಅಂತ ಗೊತ್ತಾಯ್ತು ಸಾರ್," ಎಂದ ಅಕ್ಕನ ಪ್ರಯೋಗಾಲಯದ ಸಹೋದ್ಯೋಗಿ. "ಅದೇ ಮುಕ್ಕಾಲು ಕೆಲಸ."

ಮಾವನ ತಲೆಗೆ ಅದು ಹೋಗಲಿಲ್ಲ.

*

ಮೈನೆರೆದಾಗಿನಿಂದ ತಂಗಿ ತಿಂಗಳು ತಿಂಗಳೂ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಳು. ನಾಟಕ ಎಂದರು ಮನೆಯವರು. ಮದುವೆಯಾದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಮದುವೆಯೂ ಆಯಿತು, ಮಕ್ಕಳಾಗಲಿಲ್ಲ. ಕೊನೆಗೆ ಹೊಟ್ಟೆಗೆ ತೂತು ಕೊರೆದು ಕ್ಯಾಮೆರಾ ಇಳಿಸಿದಾಗಲೇ ಗೊತ್ತಾದದ್ದು, ಎಂಡೊಮೆಟ್ರಿಯೋಸಿಸ್ ಎಂದು. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲ ಹಬ್ಬಿ ಕರುಳಿಗೂ ಅಂಟಿಕೊಂಡಿತ್ತು.

"ಕತ್ತರಿ ಹಾಕದೆ, ಒಂದು ಸೀಸೆ ರಕ್ತದಲ್ಲೇ ಇದು ಗೊತ್ತಾಗ್ಬೇಕು ಕಣೇ," ಎಂದ ಅಕ್ಕ ಮೊದಲ ಸೂಜಿ ಚುಚ್ಚಿದ್ದು ತಂಗಿಗೇ. "ಈ ಕಾಯಿಲೆ ಇದ್ದೋರಲ್ಲಿ ಮಾತ್ರ ಏರೋ ಪ್ರೋಟೀನು ಯಾವ್ದಾದ್ರೂ ಇದ್ದೇ ಇರುತ್ತೆ."

ಒಮ್ಮೆ ಸಿಕ್ಕೇಬಿಟ್ಟಿತೆಂದು ಪ್ರಯೋಗಾಲಯದವರೆಲ್ಲ ಕುಣಿದಾಡಿದ್ದರು. ಬೇರೊಂದು ಆಸ್ಪತ್ರೆಯ ಹೆಂಗಸರ ರಕ್ತ ತರಿಸಿ ನೋಡಿದರೆ, ಕಾಯಿಲೆಯ ಸುಳಿವೇ ಇಲ್ಲದವರಲ್ಲೂ ಅದೇ ಪ್ರೋಟೀನು ಏರಿ ಕೂತಿತ್ತು. ಅಂದು ಅಕ್ಕ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುಸಿದು ಕೂತಳು.

"ಸುಳ್ಳು ಹೇಳ್ಬಿಡ್ತು ಕಣೇ ಅದು."

ಮಾರನೆಯ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋದಳು.

*

ದೇಹವನ್ನು ವ್ಯಾನಿಗೆ ಏರಿಸಿದರು. ಅಕ್ಕನ ಮಗಳು ಮಾತ್ರ ಎಲ್ಲೂ ಕಾಣಲಿಲ್ಲ. ತಂಗಿ ಹುಡುಕಿಕೊಂಡು ಹೋದರೆ, ಹುಡುಗಿ ಬಚ್ಚಲುಮನೆಯ ನೆಲದ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದಿದ್ದಳು. ಮುಖವೆಲ್ಲ ಬೆವರು.

"ಎಷ್ಟು ದಿನದಿಂದ ಹೀಗೆ?"

"ವರ್ಷಗಳೇ ಆಯ್ತು ಚಿಕ್ಕಮ್ಮ. ಅಮ್ಮಂಗೆ ಹೇಳ್ಲಿಲ್ಲ. ನಿನ್ನ ನೋವೇ ಅವಳ ತಲೆ ತಿಂತಿತ್ತು. ನಂದೂ ಯಾಕೆ ಅಂತ…"

ಹಿಂದೆಯೇ ಬಂದ ಮಾವ ಗಂಟಲು ಸರಿಮಾಡಿಕೊಂಡರು. "ಹೆಣ್ಮಕ್ಕಳಿಗೆ ಇದೆಲ್ಲ ಇದ್ದಿದ್ದೇ. ಸ್ವಲ್ಪ ತಡ್ಕೋ ಮಗೂ. ಅಮ್ಮನ್ನ ಕಳಿಸಿ ಬಂದು ಮಲಗಿದ್ರಾಯ್ತು."

"ನಾನು ತಡ್ಕೊಂಡಿದ್ದೇ ಸಾಕು ಮಾವ," ಎಂದಳು ತಂಗಿ. ಮಾವನ ಹಿಂದೆ ಬಂದು ನಿಂತಿದ್ದ ಸಹೋದ್ಯೋಗಿಯ ಕಡೆ ತಿರುಗಿ, "ನಿಮ್ಮ ಕಾರಿದ್ಯಾ? ಆಸ್ಪತ್ರೆಗೆ ಹೋಗೋಣ."

"ಈಗ? ಸ್ವಂತ ಅಕ್ಕನ್ನ ಬಿಟ್ಟು?" ಎಂದರು ಮಾವ.

ತಂಗಿ ಆಗಲೇ ಹುಡುಗಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದಳು.

ಓಣಿ ಇಕ್ಕಟ್ಟಾಗಿತ್ತು. ವ್ಯಾನು ಅಡ್ಡ ನಿಂತಿದ್ದರಿಂದ ಕಾರು ಹೊರಡಲು ಜಾಗವಿರಲಿಲ್ಲ. ಸೇರಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಗೋಡೆಗೆ ಒತ್ತಿಕೊಂಡು ನಿಂತರು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಅಕ್ಕನಿದ್ದ ವ್ಯಾನನ್ನು ಮೆಲ್ಲಮೆಲ್ಲಗೆ ಹಿಂದಕ್ಕೆ ಸರಿಸಿ, ಕಾರಿಗೆ ದಾರಿ ಬಿಟ್ಟ.