ಥಾರ್ನ್‌ಫೋಲ್ಡ್ ಮನೆತನದ ಮೊದಲ ಮಗು

ಯಾರ್ಕ್‌ಶೈರಿನ ಆ ಕಣಿವೆಯಲ್ಲಿ ಥಾರ್ನ್‌ಫೋಲ್ಡ್ ಎಂಬ ಹೆಸರಿನವರು ಉಳಿದದ್ದು ಇಬ್ಬರೇ: ಎಪ್ಪತ್ತು ದಾಟಿದ ಹೆಸ್ಟರ್ ಮತ್ತು ಅವಳ ತಮ್ಮ ಗಿಲ್ಬರ್ಟ್. ಇಬ್ಬರಿಗೂ ಮದುವೆಯಾಗಿರಲಿಲ್ಲ. ತಮ್ಮೊಂದಿಗೆ ಹೆಸರೂ ಅಳಿದುಹೋಗುತ್ತದಲ್ಲಾ ಎಂದು, ಅದರ ಮೂಲ ಕೆತ್ತಿದ ಕಲ್ಲೊಂದನ್ನು ಚರ್ಚಿನ ಗೋಡೆಗೆ ಹಾಕಿಸಲು ಹೆಸ್ಟರ್ ಹೊರಟಿದ್ದಳು. ಯುದ್ಧ ಗೆದ್ದ ಹಿರಿಯನಿಗೆ ರಾಜನು ಮುಳ್ಳುಬೇಲಿಯ ಹೊಲವನ್ನು ಉಂಬಳಿ ಕೊಟ್ಟನೆಂದು, ಥಾರ್ನ್‌ಫೋಲ್ಡ್ ಎಂದರೆ ಆ ಮುಳ್ಳುಬೇಲಿಯೇ ಎಂದು ಅಪ್ಪ ಹೇಳುತ್ತಿದ್ದ.

ಅವಳು ಚರ್ಚಿಗೆ ಹೋದಾಗ ಪಾದ್ರಿ, ಮಕ್ಕಳ ದೀಕ್ಷಾಸ್ನಾನ ದಾಖಲಿಸುವ ಹಳೆಯ ಪುಸ್ತಕ ತೆರೆದು ತೋರಿಸಿದರು. '೧೭೪೧, ಫೆಬ್ರವರಿ. ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ ಸಿಕ್ಕಿದ ಗಂಡುಮಗು. ತಂದೆತಾಯಿ ತಿಳಿಯದು. ಸಿಕ್ಕಿದ ಜಾಗದ ಹೆಸರನ್ನೇ, ಥಾರ್ನ್‌ಫೋಲ್ಡ್ ಎಂದು, ಇಡಲಾಯಿತು.'

ಮನೆಗೆ ಮರಳುವ ದಾರಿಯುದ್ದಕ್ಕೂ ಹೆಸ್ಟರಳಿಗೆ ಲೇಯಾಳ ಮುಖವೇ ಕಣ್ಣಿಗೆ ಕಟ್ಟಿತ್ತು. ನಲವತ್ತು ವರ್ಷದ ಹಿಂದೆ, ಅನಾಥಾಲಯದಲ್ಲಿ ಬೆಳೆದ ಆ ಹುಡುಗಿಗೂ ಗಿಲ್ಬರ್ಟನಿಗೂ ಮದುವೆಯೆಂಬ, ಮೂರು ಭಾನುವಾರ ಓದಲೇಬೇಕಾದ ಪ್ರಕಟಣೆಯನ್ನು ಚರ್ಚಿನಲ್ಲಿ ಎರಡು ಭಾನುವಾರ ಓದಿದ್ದರು. "ಹೆತ್ತವರು ಯಾರಂತಲೇ ಗೊತ್ತಿಲ್ಲದವಳಿಗೆ ನಮ್ಮ ಹೆಸರು ಕೊಡ್ತೀಯಾ? ಸತ್ತ ಅಪ್ಪನ ಹೆಸರಿಗೆ ಮಸಿ ಬಳೀಬೇಡ," ಎಂದು ತಮ್ಮನನ್ನು ತಡೆದವಳು ಅವಳೇ. ಮೂರನೆಯ ಭಾನುವಾರ ಯಾರೂ ಓದಲಿಲ್ಲ.

ಗಿಲ್ಬರ್ಟ್ ಒಲೆಯ ಪಕ್ಕ ಕೂತು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ.

"ಏನಕ್ಕಾ, ಕಲ್ಲಿನ ಮೇಲೆ ರಾಜನ ಕಿರೀಟಾನೂ ಕೆತ್ತಿಸ್ತೀಯೋ?"

"ಕಲ್ಲು ಬೇಡ ಅಂದುಬಿಟ್ಟೆ." ಹೆಸ್ಟರ್ ಟೋಪಿಯನ್ನೂ ತೆಗೆಯದೆ, ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ನಮ್ಮ ಮೂಲಪುರುಷನೂ ಲೇಯಾ ಥರದವನೇ ಕಣೋ."

ಅವನು ಚಾಕು ಕೆಳಗಿಡಲಿಲ್ಲ. "ಗೊತ್ತು."

"ಯಾವಾಗಿಂದ?"

"ಮದುವೆಗೆ ಹೆಸರು ಬರೆಸೋಕೆ ಹೋದಾಗಿಂದ. ಆಗಿನ ಪಾದ್ರಿ ತೋರಿಸಿದ್ರು."

"ಅವತ್ತೇ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತಾ?"

"ಅಪ್ಪ ಹೋಗಿ ಆರು ವಾರ ಆಗಿತ್ತು. ಆ ರಾಜನ ಕಥೆ ಹೇಳಿಕೊಂಡೇ ನೀನು ಚೇತರಿಸಿಕೊಳ್ತಿದ್ದೆ. ಸ್ವಲ್ಪ ದಿನ ಕಳೀಲಿ ಅಂದ್ಕೊಂಡೆ. ಕಳೀತು."

ಹೆಸ್ಟರ್ ಬೆಂಚಿನ ಮೇಲೆ ಕೂತು ಟೋಪಿ ತೆಗೆದಳು. "ಅವಳಿಗೆ?"

"ಹೇಳಿದ್ದೆ. ನಕ್ಕಳು. 'ನಿಮ್ಮಕ್ಕ ಒಂದಿನ ತಾನೇ ಬಂದು ಕರೀತಾಳೆ ಬಿಡು' ಅಂದಳು. ಎರಡು ಚಳಿಗಾಲ ಕಾದಳು."

ಸಂಜೆಯ ಕೀರ್ತನೆಯ ಹೊತ್ತಾಗಿತ್ತು. ದಿನವೂ ಮೊದಲ ಸಾಲು ಎತ್ತಿಕೊಳ್ಳುತ್ತಿದ್ದವಳು ಹೆಸ್ಟರಳೇ. ಗಿಲ್ಬರ್ಟ್ ಕಾದು ನೋಡಿ, ತಾನೇ ಮೆಲ್ಲಗೆ ಶುರುಮಾಡಿದ.