ದೊಡ್ಡಕ್ಕ ಕೂತು ಉಂಡ ಅರ್ಧ ಗಂಟೆ

ಆಸ್ಪತ್ರೆಯಿಂದ ಮನೆಗೆ ಬಂದ ಸೊಸೆಗೆ ಏನು ಬಡಿಸುವುದು? ಅತ್ತೆಗೆ ಆ ದಿನ ಇದೇ ಚಿಂತೆ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಸೊಸೆಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿಟ್ಟಿದ್ದಳು. ಸೊಸೆ ಬಂದವಳೇ ಕೈಚೀಲದಿಂದ ಔಷಧಿ ಬಾಟಲಿಯ ಮುಚ್ಚಳದಷ್ಟು ಪುಟ್ಟ ಲೋಟ ತೆಗೆದಳು. ಬೇಳೆ ಬೇಯಿಸಿದ ತಿಳಿನೀರನ್ನು ಅದಕ್ಕೆ ಸುರಿದುಕೊಂಡು ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಅಷ್ಟು ಮುಗಿಸಲು ಕಾಲು ಗಂಟೆ ಹಿಡಿಯಿತು.

“ಇದೇನೇ ಇದು, ಗುಬ್ಬಿಮರಿಗೆ ನೀರು ಕುಡಿಸೋ ಹಾಗೆ?”

“ಈಗ ಇಷ್ಟೇ ಅತ್ತೆ. ಎರಡು ವಾರ ಬರೀ ತೆಳ್ಳಗಿರೋದು. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿರೋದು. ಪಥ್ಯದ ಸಿಸ್ಟರ್ ಬರೆದು ಕೊಟ್ಟಿದ್ದಾರೆ.”

“ಆ ಸಿಸ್ಟರಿಗೆ ಅತ್ತೆ ಇದ್ದಾರಾ ಕೇಳು. ಇದ್ದಿದ್ರೆ ಹೀಗೆಲ್ಲ ಬರೀತಿರ್ಲಿಲ್ಲ.”

ಸೊಸೆಗೆ ನಗು ಬಂತು. ನಕ್ಕರೆ ಹೊಟ್ಟೆಯ ಹೊಲಿಗೆ ಜಗ್ಗಿತು. ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡೇ ನಕ್ಕಳು.

ಈ ಸೊಸೆಯನ್ನು ನೂಲಿನ ಗಿರಣಿಯಲ್ಲಿ ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದು. ಗಿರಣಿಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಕೆಲಸ, ಅದರಲ್ಲಿ ಎಂಟು ವರ್ಷದಿಂದ ಮುಖ್ಯ ಅಡುಗೆಯವಳು. ದಿನಕ್ಕೆ ಮುನ್ನೂರು ಜನರ ಊಟ. ತೂಕ ನೂರ ಹದಿನೆಂಟು ಕಿಲೋ ಮುಟ್ಟಿತ್ತು. ಸಕ್ಕರೆ ಕಾಯಿಲೆ, ಮಂಡಿ ನೋವು, ಮಲಗಿದರೆ ಉಸಿರು ಕಟ್ಟುವುದು. ಪಥ್ಯ ಮಾಡಿ ನೋಡಿದಳು, ನಡೆದು ನೋಡಿದಳು. ಇಳಿದ ನಾಲ್ಕು ಕಿಲೋ ಐದಾಗಿ ವಾಪಸ್ಸು ಬಂತು. ಕೊನೆಗೆ ವೈದ್ಯರು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ, ಇವಳಿಗೆ ಆಗಬಹುದು ಎಂದು ಖಚಿತವಾದ ಮೇಲೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿದರು. ಚೀಲದಂತಿದ್ದ ಜಠರ ಈಗ ಒಂದು ಬಾಳೆಹಣ್ಣಿನಷ್ಟಾಗಿತ್ತು.

“ಹೊಟ್ಟೆ ಕತ್ತರಿಸಿಕೊಂಡು ಬಂದವಳು ಇನ್ನು ಊರಿಗೆಲ್ಲ ಏನು ಬೇಯಿಸಿ ಹಾಕ್ತಾಳೋ,” ಎಂದು ಅತ್ತೆ ಗೋಡೆಯಾಚೆಯ ನೆರೆಯವಳ ಹತ್ತಿರ ಪಿಸುಗುಟ್ಟಿದ್ದು ದೊಡ್ಡಕ್ಕನ ಕಿವಿಗೂ ಬಿತ್ತು.

ವಾರಗಳು ಕಳೆದವು. ಸಕ್ಕರೆ ಹಾಕದ ಹಾಲು, ತೆಳು ಮಜ್ಜಿಗೆ, ಆಮೇಲೆ ರುಬ್ಬಿದ ಬೇಳೆ, ಆಮೇಲೆ ಮೆತ್ತಗೆ ಬೇಯಿಸಿದ ಮೊಟ್ಟೆ. ಏಳನೆಯ ವಾರ ವೈದ್ಯರು ಪರೀಕ್ಷೆ ಮಾಡಿ, ಭಾರ ಎತ್ತಬೇಡಿ ಎಂದು ಎಚ್ಚರಿಸಿ, ಕೆಲಸಕ್ಕೆ ಹೋಗಲು ಒಪ್ಪಿದರು.

ಕ್ಯಾಂಟೀನಿನ ಮ್ಯಾನೇಜರ್ ಬಾಗಿಲಲ್ಲೇ ಸಿಕ್ಕಿದರು.

“ಬನ್ನಿ ದೊಡ್ಡಕ್ಕ. ಇನ್ನು ಇಪ್ಪತ್ತು ದಿನಕ್ಕೆ ಗಿರಣಿಯ ವಾರ್ಷಿಕೋತ್ಸವದ ಊಟ. ಮನೆಯವರೆಲ್ಲ ಸೇರಿ ಆರುನೂರು ಜನ. ಆಗುತ್ತಾ ನಿಮ್ಮ ಕೈಲಿ?”

“ಆಗುತ್ತೆ ಸಾರ್.”

“ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಕೂಪನ್ ಕಿಟಕಿ ಖಾಲಿ ಇದೆ. ಹಾಯಾಗಿ ಕೂತು ಕೂಪನ್ ಹರೀಬಹುದು.”

ಹತ್ತೊಂಬತ್ತು ವರ್ಷ ಸೌಟು ಹಿಡಿದ ಕೈಗೆ ಕೂಪನ್ ಹರಿಯುವ ಕೆಲಸ! ದೊಡ್ಡಕ್ಕ ಸೆರಗು ಬಿಗಿದುಕೊಂಡು ಒಳಗೆ ನಡೆದಳು.

ಒಳಗೆ ಎರಡನೆಯ ಅಡುಗೆಯವನು ಕಾಯುತ್ತಿದ್ದ. ಏನು ಮಾಡಿದರೂ ಮೇಲೆ ಒಂದು ಹಿಡಿ ಸೊಪ್ಪು ಉದುರಿಸದೆ ಬಿಡದ ಕಾರಣಕ್ಕೆ ಅವನ ಹೆಸರು ಕೊತ್ತಂಬರಿ. “ಅಕ್ಕಾ, ನೀವಿಲ್ಲದೆ ಕೊಪ್ಪರಿಗೆಗಳೂ ಸೊರಗಿ ಹೋಗಿವೆ. ಎತ್ತೋದು ಇಳಿಸೋದು ನಂದು. ನೀವು ಬರೀ ನೋಡ್ಕೊಳ್ಳಿ,” ಎಂದ.

ಒಲೆಯ ಶಾಖ ಮುಖಕ್ಕೆ ತಾಗಿದೊಡನೆ ದೊಡ್ಡಕ್ಕನ ಕೈಗೆ ಜೀವ ಬಂತು. ಸೌಟಿನಿಂದ ಒಂದು ತೊಟ್ಟು ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಉಪ್ಪು ಸಾಲದು. ಮತ್ತೊಂದು ತೊಟ್ಟು. ಹುಳಿ ಸಾಲದು. ಪಕ್ಕದ ಪಾತ್ರೆ. ಅದರ ಪಕ್ಕದ್ದು. ಹನ್ನೊಂದು ಗಂಟೆಗೆ ಸಿಹಿಗಾಗಿ ಸಕ್ಕರೆ ಪಾಕ ಕುದಿಯುತ್ತಿತ್ತು. ಎಳೆ ಬಂತೇ ಎಂದು ಎರಡು ಬೆರಳ ನಡುವೆ ಹಿಡಿದು ನೋಡಿದಳು, ಬೆರಳು ನೆಕ್ಕಿದಳು. ಹೀಗೆ ಐದಾರು ಸಲ.

ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಂಡಿತು. ಬೆನ್ನೆಲ್ಲ ಬೆವರು, ಹೊಟ್ಟೆಯಲ್ಲಿ ಹಿಂಡಿದಂಥ ನೋವು. ಅಕ್ಕಿ ಮೂಟೆಯ ಮೇಲೆ ಕುಸಿದು ಕುಳಿತಳು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಯಾರಿಗೂ ಹೇಳಬೇಡ ಎಂದು ಕೊತ್ತಂಬರಿಯ ಬಾಯಿ ಮುಚ್ಚಿಸಿದಳು. ಎಲ್ಲರ ಊಟ ಮುಗಿದು ನಾಲ್ಕು ಗಂಟೆಗೆ, ಎಂದಿನಂತೆ ಕಟ್ಟೆಗೆ ಒರಗಿ ನಿಂತು, ಅನ್ನ ಬೇಳೆ ಕಲಸಿ ನಾಲ್ಕು ತುತ್ತು ನುಂಗಿ, ಮೇಲೊಂದು ಲೋಟ ನೀರು ಕುಡಿದಳು. ಮೂರೇ ನಿಮಿಷ. ಎದೆಯ ಕೆಳಗೆ ಕಲ್ಲು ಸಿಕ್ಕಿಕೊಂಡಂತಾಯಿತು. ತೊಟ್ಟಿಯವರೆಗೆ ಓಡುವಷ್ಟರಲ್ಲಿ ಎಲ್ಲವೂ ವಾಂತಿ.

ತಲೆ ಎತ್ತಿದರೆ ಎದುರಿಗೆ ಮ್ಯಾನೇಜರ್.

“ನನಗೂ ಬೇಜಾರೇ ದೊಡ್ಡಕ್ಕ. ಒಂದು ವಾರ ನೋಡ್ತೀನಿ. ಹೀಗೇ ಆದ್ರೆ ಕೂಪನ್ ಕಿಟಕಿ.”

ಮನೆಗೆ ಬಂದು ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ಅತ್ತೆ ಸೊಂಟಕ್ಕೆ ಕೈ ಇಟ್ಟು ನಿಂತಳು. “ನಾನು ಬಡ್ಕೊಂಡಿರ್ಲಿಲ್ವಾ? ಇರು, ನಾಳೆ ನಾನೂ ಬರ್ತೀನಿ ಆಸ್ಪತ್ರೆಗೆ. ಆ ಸಿಸ್ಟರನ್ನ ನಾನೇ ವಿಚಾರಿಸ್ಕೋತೀನಿ.”

ಪಥ್ಯದ ಸಿಸ್ಟರ್ ಸಣ್ಣ ಕೋಣೆಯಲ್ಲಿ, ತೂಕದ ಯಂತ್ರದ ಪಕ್ಕದಲ್ಲಿ ಕುಳಿತಿದ್ದರು. ಹಿಂದಿನ ದಿನದ ಎದೆಬಡಿತ, ಬೆವರು, ವಾಂತಿಯ ವಿಷಯ ಕೇಳಿ, ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿ, ಹೊಲಿಗೆ, ಜ್ವರ, ನಾಡಿ ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ಮಾತಿಗೆ ಕೂರಿಸಿಕೊಂಡರು. ಅತ್ತೆ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಅತ್ತೆಗೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದಾಗ ದೊಡ್ಡಕ್ಕನ ಕಡೆ ತಿರುಗಿದರು.

“ನಿನ್ನೆ ಏನೇನು ತಿಂದ್ರಿ?”

“ಬೆಳಿಗ್ಗೆ ಒಂದು ಮೊಟ್ಟೆ. ಸಂಜೆ ನಾಲ್ಕು ತುತ್ತು. ಅಷ್ಟೇ ಸಿಸ್ಟರ್, ಆಣೆ ಮಾಡಿ ಹೇಳ್ತೀನಿ.”

“ಆಣೆ ಬೇಡಮ್ಮ, ಅಡುಗೆ ಮಾಡಿ ತೋರಿಸಿ.” ಸಿಸ್ಟರ್ ಮೇಜಿನ ಮೇಲೆ ನಾಲ್ಕು ಖಾಲಿ ಕಾಗದದ ಲೋಟ ಸಾಲಾಗಿಟ್ಟು ಒಂದು ಚಮಚ ಕೊಟ್ಟರು. “ಇದು ಬೇಳೆ, ಇದು ತರಕಾರಿ, ಇದು ಸೂಪು, ಇದು ಸಿಹಿ. ಶುರು ಮಾಡಿ.”

ದೊಡ್ಡಕ್ಕನಿಗೆ ನಾಚಿಕೆಯಾಯಿತು. ಆದರೂ ಚಮಚ ಹಿಡಿದಳು. ತಿರುವಿದಳು, ಉಪ್ಪು ಹಾಕುವಂತೆ ಬೆರಳಾಡಿಸಿದಳು. ಕೈ ತಾನಾಗಿ ಬಾಯಿಗೆ ಹೋಯಿತು. ಮತ್ತೆ ಹೋಯಿತು. ಅತ್ತೆ ಕೂತಲ್ಲೇ ಬೆರಳು ಮಡಚತೊಡಗಿದಳು.

“ಏಳು! ಲೇ, ಏಳು ಸಲ ಬಾಯಿಗೆ ಹೋಯ್ತಲ್ಲೇ ಕೈ!”

“ಬರೀ ರುಚಿ ನೋಡಿದ್ದಲ್ವಾ ಅತ್ತೆ.”

“ನಾಲಿಗೆಗೆ ಅದು ರುಚಿ,” ಎಂದರು ಸಿಸ್ಟರ್. “ನಿಮ್ಮ ಪುಟ್ಟ ಹೊಟ್ಟೆಗೆ ಅದೇ ಊಟ. ಬೆಳಿಗ್ಗೆಯಿಂದ ಹನಿ ಹನಿ ತುಂಬಿಸ್ತಾ ಇದ್ರೆ, ಬೇಕಾದ ಬೇಳೆ ಮೊಟ್ಟೆಗೆ ಜಾಗ ಎಲ್ಲಿ? ಸಕ್ಕರೆ ಪಾಕ ಈಗ ಸರಸರ ಕರುಳಿಗೆ ಇಳಿಯುತ್ತೆ. ಎದೆ ಹೊಡ್ಕೊಂಡು ಬೆವರಿದ್ದು ಅದಕ್ಕೇ. ಊಟದ ಜೊತೆ ನೀರು ಕುಡಿದ್ರೂ ಜಾಗ ಸಾಲಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ನೀರು ನಿಲ್ಸಿ, ಊಟ ಆಗಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿ. ಉಳಿದ ಹೊತ್ತೆಲ್ಲ ಗುಟುಕು ಗುಟುಕಾಗಿ ಕುಡೀತಾನೇ ಇರಿ. ಸರಿ, ಊಟಕ್ಕೆ ಎಷ್ಟು ಹೊತ್ತು ತಗೋತೀರಿ?”

“ಮೂರು ನಿಮಿಷ.”

“ಎಲ್ಲಿ ಕೂತು?”

“ಕೂರೋದಾ?” ದೊಡ್ಡಕ್ಕ ನಕ್ಕಳು. “ಅಡುಗೆಯವರು ಎಲ್ಲಿ ಕೂರ್ತಾರೆ ಸಿಸ್ಟರ್?”

ಅತ್ತೆ ನಗಲಿಲ್ಲ. ಮಡಚಿದ ಬೆರಳುಗಳನ್ನೇ ನೋಡುತ್ತಿದ್ದಳು. “ಮನೇಲೂ ಕೂರಲ್ಲ ಇವಳು,” ಎಂದಳು ಮೆಲ್ಲಗೆ. “ನಾವೆಲ್ಲ ಉಂಡ ಮೇಲೆ ಒಲೆ ಹತ್ರ ನಿಂತೇ ಮುಗಿಸ್ತಾಳೆ. ಇಷ್ಟು ವರ್ಷದಲ್ಲಿ ಇವಳು ಕೂತು ಉಂಡಿದ್ದು ನಾನು ನೋಡೇ ಇಲ್ಲ. ಅದು ತಾ, ಇದು ಬಡಿಸು ಅಂತ ಕೂಗ್ತಿದ್ದವಳು ನಾನೇ.”

ಜಗಳಕ್ಕೆಂದು ಬಂದವಳು ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಂಡಳು.

“ಇನ್ನು ಮೇಲೆ ಊಟಕ್ಕೆ ಅರ್ಧ ಗಂಟೆ,” ಎಂದರು ಸಿಸ್ಟರ್. “ಸಣ್ಣ ತುತ್ತು, ಒಂದೊಂದನ್ನೂ ಇಪ್ಪತ್ತು ಸಲ ಅಗೀಬೇಕು. ಮೊದಲು ಬೇಳೆ, ಮೊಟ್ಟೆ, ಮೊಸರಿನಂಥದ್ದು. ಆಮೇಲೆ ತರಕಾರಿ. ಅನ್ನ ಕೊನೆಗೆ. ಬಿಕ್ಕಳಿಕೆ ಬಂದ್ರೆ, ಎದೆ ಕೆಳಗೆ ಬಿಗಿದ ಹಾಗಾದ್ರೆ ಸಾಕು ಅಂತ ಅರ್ಥ. ತಟ್ಟೇಲಿ ಉಳಿದ್ರೆ ಉಳೀಲಿ.”

“ಎಲ್ಲ ಸರಿ ಸಿಸ್ಟರ್,” ದೊಡ್ಡಕ್ಕ ಚಮಚವನ್ನು ಮೇಜಿನ ಮೇಲಿಟ್ಟಳು. “ರುಚಿ ನೋಡದೆ ನಾನೆಂಥ ಅಡುಗೆಯವಳು? ನನ್ನ ಕೆಲಸನೇ ಹೋಗುತ್ತಲ್ಲ.”

“ಪಥ್ಯ ನನಗೆ ಗೊತ್ತು. ಅಡುಗೆ ನಿಮಗೆ ಗೊತ್ತು. ನುಂಗದೆ ರುಚಿ ನೋಡೋ ದಾರಿ ನೀವೇ ಹುಡುಕಿ. ಹತ್ತೊಂಬತ್ತು ವರ್ಷದ ಕೈ ಅದು, ಸಿಕ್ಕೇ ಸಿಗುತ್ತೆ.”

ಮರುದಿನ ದೊಡ್ಡಕ್ಕ ಕೊತ್ತಂಬರಿಯನ್ನೂ ಪಾತ್ರೆ ತೊಳೆಯುವ ಚಿಕ್ಕಮ್ಮನನ್ನೂ ಕರೆದು ಇಬ್ಬರ ಕೈಗೂ ಒಂದೊಂದು ಚಮಚ ಕೊಟ್ಟಳು. “ಇವತ್ತಿಂದ ನನ್ನ ನಾಲಿಗೆ ನೀವೇ.”

ಮೊದಲ ದಿನ ಕೆಟ್ಟಿತು. ಕೊತ್ತಂಬರಿಗೆ ಉಪ್ಪು ಎಷ್ಟಿದ್ದರೂ ಸಾಲದು. “ದೊಡ್ಡಕ್ಕಾ, ಬೇಳೆಗೆ ಸಮುದ್ರದಿಂದ ನೀರು ತಂದ್ರಾ?” ಎಂದು ಊಟದ ಸಾಲಿನಿಂದ ಯಾರೋ ಕೂಗಿದರು. ಎರಡನೆಯ ದಿನ ಕೊತ್ತಂಬರಿಯ ಮಾತನ್ನು ಚಿಕ್ಕಮ್ಮನ ಮಾತಿನ ಜೊತೆ ತೂಗಿ ನೋಡಿದಳು. ಕುದಿಯುವ ಸದ್ದು ಕೇಳಿಸಿಕೊಂಡಳು, ಆವಿಯನ್ನು ಮೂಸಿದಳು, ಬೇಳೆಯನ್ನು ಬೆರಳಲ್ಲಿ ಹಿಸುಕಿದಳು. ಪಾಕ ನೋಡಿದ ಬೆರಳು ನೇರ ನೀರಿನ ಬಟ್ಟಲಿಗೆ. ಕೊನೆಗೆ ಒಂದೇ ಸಲ, ಚಮಚದ ತುದಿಯಷ್ಟು ನಾಲಿಗೆಗೆ ಇಟ್ಟು, ತೊಟ್ಟಿಗೆ ಉಗಿದು, ಬಾಯಿ ಮುಕ್ಕಳಿಸುವಳು. ನಾಲ್ಕನೆಯ ದಿನ ಊಟದ ಸಾಲಿನಲ್ಲಿ ಸದ್ದಿಲ್ಲ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಹನ್ನೊಂದೂವರೆಗೆ, ಹನ್ನೆರಡರ ಊಟದ ಸೈರನ್ ಕೂಗುವ ಮೊದಲೇ, ದೊಡ್ಡಕ್ಕ ಪುಟ್ಟ ತಟ್ಟೆ ಹಿಡಿದು ಊಟದ ಕೋಣೆಯ ಬೆಂಚಿನಲ್ಲಿ ಕೂರತೊಡಗಿದಳು. ಮ್ಯಾನೇಜರ್ ಗಡಿಯಾರ ನೋಡುತ್ತಾ ಬಂದರು.

“ಇದೇನು, ಬಡಿಸೋ ಹೊತ್ತಿಗೆ ಅಡುಗೆಯವರೇ ಕೂತ್ರೆ?”

“ಸಾರ್, ನೂಲಿನ ಯಂತ್ರ ನಿಲ್ಸಿ ಎಣ್ಣೆ ಬಿಡ್ತಾರಲ್ಲ, ಬಿಡದಿದ್ರೆ ಏನಾಗುತ್ತೆ?”

“ಕೆಟ್ಟು ಕೂರುತ್ತೆ.”

“ನನ್ನ ಕಥೆನೂ ಅದೇ. ಅರ್ಧ ಗಂಟೆ ಕೊಡಿ ಸಾರ್. ಊಟ ಒಂದು ನಿಮಿಷ ತಡ ಆದ್ರೂ ನಾನೇ ಹೋಗಿ ಕೂಪನ್ ಕಿಟಕೀಲಿ ಕೂರ್ತೀನಿ.”

“ಸರಿ, ವಾರ್ಷಿಕೋತ್ಸವದವರೆಗೆ ನೋಡೋಣ,” ಎಂದು ಮ್ಯಾನೇಜರ್ ಹೊರಟರು.

ವಾರ್ಷಿಕೋತ್ಸವದ ದಿನ ಬಂತು. ಒಲೆಗಳ ಮೇಲೆ ಏಳು ಕೊಪ್ಪರಿಗೆ. ಅಂಗಳದಲ್ಲಿ ಆರುನೂರು ಜನ, ಅವರಲ್ಲಿ ಅತ್ತೆಯೂ ಒಬ್ಬಳು. ಹನ್ನೊಂದೂವರೆಯಾದರೂ ಒಂದು ಕೊಪ್ಪರಿಗೆಯ ತರಕಾರಿ ಬೆಂದಿರಲಿಲ್ಲ. ದೊಡ್ಡಕ್ಕನ ಕಾಲು ಕದಲಲಿಲ್ಲ. ಇವತ್ತೊಂದು ದಿನ ಊಟ ಬಿಟ್ಟರೇನು ಎನ್ನಿಸಿತು. ಕೈ ಸೌಟಿಗೆ ಹೋಯಿತು.

ಕೊತ್ತಂಬರಿ ಸೌಟು ಕಿತ್ತುಕೊಂಡ. “ಹೋಗಿ ಕೂತ್ಕೊಳ್ಳಿ ಅಕ್ಕಾ. ಇದನ್ನ ಇಳಿಸೋದು ನನಗೆ ಗೊತ್ತು, ನೀವೇ ಕಲಿಸಿದ್ದು.”

“ಸೊಪ್ಪು ಜಾಸ್ತಿ ಉದುರಿಸಿದ್ರೆ ನೋಡು!”

“ನೀವು ಎದ್ದು ಬರೋದ್ರೊಳಗೆ ಉದುರಿಸಿ ಆಗಿರುತ್ತೆ, ಹೋಗಿ!”

ದೊಡ್ಡಕ್ಕ ಕೂತಳು. ಜೀವ ಒಲೆಯ ಹತ್ತಿರವೇ ಇತ್ತು. ಆದರೂ ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿದಳು. ಸಣ್ಣ ಬಿಕ್ಕಳಿಕೆ ಬಂದಾಗ ತಟ್ಟೆಯಲ್ಲಿ ಎರಡು ತುತ್ತು ಉಳಿದಿತ್ತು. ಕೈ ತಡೆದಳು. ಎಷ್ಟೋ ಕಷ್ಟದ ಕೆಲಸ ಮಾಡಿದ ಕೈಗೆ ಅಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ.

ಸೈರನ್ ಕೂಗಿತು. ಬಾಗಿಲು ತೆರೆಯಿತು. ಏಳೂ ಕೊಪ್ಪರಿಗೆ ಸಾಲಾಗಿ ಸಿದ್ಧವಾಗಿದ್ದವು. ಎರಡು ಗಂಟೆಗೆ ತಳ ಕೆರೆಯುವ ಸದ್ದು ಕೇಳಿಸಿತು. ಮೂರನೆಯ ಸಲ ಬಡಿಸಿಕೊಂಡ ಮುದುಕ ಫಿಟ್ಟರ್ ಒಬ್ಬರು, “ಹತ್ತೊಂಬತ್ತು ವರ್ಷದಲ್ಲಿ ಇಂಥ ರುಚಿ ಇಲ್ಲ ಕಣಮ್ಮ,” ಎಂದರು. ಅದನ್ನು ಬೇಯಿಸಿದವಳು ಅದರಲ್ಲಿ ಒಂದು ತೊಟ್ಟನ್ನೂ ಒಲೆಯ ಮುಂದೆ ನುಂಗಿರಲಿಲ್ಲ!

ಮ್ಯಾನೇಜರ್ ಬಂದು ಗಂಟಲು ಸರಿಮಾಡಿಕೊಂಡರು. “ಕೂಪನ್ ಕಿಟಕಿಗೆ ಬೇರೆ ಯಾರಾದ್ರೂ ಇದ್ರೆ ಹೇಳಿ ದೊಡ್ಡಕ್ಕ. ಸೌಟು ಬಿಡಿಸಿ ನಿಮ್ಮನ್ನ ಅಲ್ಲಿಗೆ ಕಳಿಸೋಕಾಗಲ್ಲ.” ಅಡುಗೆಮನೆಯಲ್ಲಿ ಎದ್ದ ಕೇಕೆ ಅಂಗಳದವರೆಗೂ ಕೇಳಿಸಿತು.

ಆ ಸೋಮವಾರದಿಂದ ಅಡುಗೆಮನೆಯ ಐದೂ ಜನ ಸರದಿಯಂತೆ ಕೂತೇ ಉಣ್ಣುತ್ತಾರೆ. ನಡುವೆ ದೊಡ್ಡಕ್ಕನಿಗೆ ಕೂದಲು ಉದುರಿ ಗಾಬರಿಯಾಯಿತು. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ, ಜೀವಸತ್ವದ ಮಾತ್ರೆ ಬಿಡಬೇಡಿ ಎಂದು ಹೇಳಿ ಸಿಸ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಆರು ತಿಂಗಳಿಗೆ ಇಪ್ಪತ್ತೊಂಬತ್ತು ಕಿಲೋ ಇಳಿದಿತ್ತು. ವೈದ್ಯರೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಗಿರಣಿಯ ಮೂರನೆಯ ಮಹಡಿಗೆ ಅವಳು ನಿಲ್ಲದೆ ಹತ್ತಿದಳು. ಹಿಂದೆ ಏದುಸಿರು ಬಿಡುತ್ತಾ ಬಂದವನು ಕೊತ್ತಂಬರಿ.

ಮನೆಯಲ್ಲಿ ಅತ್ತೆ ಈಗ ಎರಡು ತಟ್ಟೆ ಹಾಕುತ್ತಾಳೆ. “ಕೂತ್ಕೊಳ್ಳೇ. ಅಗಿ, ಅವಸರ ಏನಿದೆ? ನಾನೂ ನಿನ್ನ ಜೊತೆಗೇ ಉಣ್ತೀನಿ.” ನೆರೆಯವಳು ಗೋಡೆಯಾಚೆಯಿಂದ ಇಣುಕಿ ಕೇಳಿದರೆ, ನೀರು ಯಾವಾಗ, ಬೇಳೆ ಎಷ್ಟು, ಸಕ್ಕರೆ ಯಾಕೆ ಬೇಡ ಎಂದು ಅತ್ತೆಯೇ ಪಾಠ ಒಪ್ಪಿಸುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಶಸ್ತ್ರಚಿಕಿತ್ಸೆ ಎಲ್ಲರಿಗೂ ಅಲ್ಲ, ಯಾರಿಗೆ ಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಮಾಡಿಸಿಕೊಂಡಿದ್ದರೆ, ಯಾವ ವಾರ ಏನು ತಿನ್ನಬೇಕೆಂದು ನಿಮ್ಮ ಆಸ್ಪತ್ರೆಯವರು ಹೇಳಿದ್ದನ್ನೇ ಪಾಲಿಸಿ. ದೊಡ್ಡಕ್ಕನ ಅಳತೆ ನಿಮ್ಮದಾಗಬೇಕೆಂದಿಲ್ಲ. ಜೀವಸತ್ವದ ಮಾತ್ರೆ, ಕಾಲಕಾಲಕ್ಕೆ ತಪಾಸಣೆ ಜೀವನಪೂರ್ತಿ ಬೇಕು. ಬೇರೆ ಕಾಯಿಲೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲದ ವಾಂತಿ, ಜ್ವರ, ತೀವ್ರ ಹೊಟ್ಟೆನೋವು, ಸುಮ್ಮನೆ ಕೂತಾಗಲೂ ಓಡುವ ಎದೆಬಡಿತ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಮನೆಯವರೇ, ಪ್ರೀತಿಗೆ ಇನ್ನೊಂದು ತುತ್ತು ಎಂದು ಒತ್ತಾಯ ಮಾಡಬೇಡಿ, ಪಕ್ಕದಲ್ಲಿ ಕೂತು ಜೊತೆಗೆ ಉಣ್ಣಿ. ಎಲ್ಲರಿಗೂ ಬಡಿಸುವ ಕೈ ನಿಮ್ಮದೇ ಆಗಿದ್ದರೆ, ಇವತ್ತಿನ ಊಟಕ್ಕೆ ಮೊದಲ ತಟ್ಟೆಯನ್ನು ನಿಮ್ಮ ಮುಂದೆ ಇಟ್ಟುಕೊಳ್ಳಿ. ಕೂತುಕೊಳ್ಳಿ. ಅರ್ಧ ಗಂಟೆ ಯಾರು ಕರೆದರೂ ಏಳಬೇಡಿ.