ಬಾಗದ ಮಂಡಿ

ವಂದನಾ ಅಪ್ಪನ ಎಡ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಅದು ಬಾಗಲಿಲ್ಲ.

“ಬುಡು ಕಣಮ್ಮಿ, ಮುರ್ದುಬುಟ್ಟೀಯೆ,” ಎಂದಳು ಅವ್ವ ಬೋರಮ್ಮ.

ಹಿಂದಿನ ದಿನ ಮಧ್ಯಾಹ್ನ ಅಪ್ಪ ನಂಜುಂಡಪ್ಪ ತೀರಿಕೊಂಡಾಗ ಅವ್ವ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಚೆನ್ನೈನ ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ವಂದನಾ ಆ ಬೀದಿಯಲ್ಲಿ ಯಾರು ಸತ್ತರೂ ಮಾಡುವುದನ್ನೇ ಮಾಡಿದಳು. ಫೋನ್ ಮಾಡಿ ಐಸ್ ಪೆಟ್ಟಿಗೆ ತರಿಸಿ, ಅಪ್ಪನನ್ನು ಕಾಲು ಚಾಚಿ ನೆಟ್ಟಗೆ ಮಲಗಿಸಿದಳು. ಅಪ್ಪನ ಊರಾದ ಗಡಿಯಂಚಿನ ಬರ್ಗೂರು ಬೆಟ್ಟದ ಲಿಂಗಾಯತರು ಮೈ ಬಿಸಿಯಿರುವಾಗಲೇ ಹೆಣವನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ! ಬೆಳಗ್ಗೆ ಪೆಟ್ಟಿಗೆ ತೆರೆದಾಗ ಅಪ್ಪ ಸೌದೆಯಂತೆ ಸೆಟೆದುಕೊಂಡಿದ್ದ.

“ಇನಿಮೇ ಮುಡಿಯಾದು ಅಕ್ಕಾ. ಕರೆಂಟ್ ಸುಡುಕಾಡು ಬುಕ್ ಪಣ್ಣಿಡುಂಗ,” ಎಂದ ಪೆಟ್ಟಿಗೆಯವನು. ಇನ್ನು ಕೂರಿಸುವುದು ಆಗದ ಮಾತು, ಸುಟ್ಟುಬಿಡಿ ಎಂದು ಅವನ ತೀರ್ಪು.

ಊರಿನಿಂದ ವ್ಯಾನು ಆಗಲೇ ಕಾಂಚೀಪುರ ದಾಟಿತ್ತು. ಅದರಲ್ಲಿ ಅಪ್ಪನ ತಮ್ಮ ಮಾದಪ್ಪನೂ ನೆಂಟರೂ ಇದ್ದರು. ಮಾದಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಮ್ಮವನಾಗಿ ಕುಂತಿದ್ರೆ ನಾವೇ ಗುಣಿಗಿಳಿಸ್ತೀವಿ. ಪೇಟೆಯೋರಂಗೆ ಮಲಗ್ಸಿದ್ರೆ ಮೊಕ ನೋಡ್ಕಂಡು ವಾಪಸ್ ಬತ್ತೀವಿ.”

*

ಆಗ ವಂದನಾಗೆ ಹತ್ತು ವರ್ಷ. ಅಪ್ಪ ಗಡಿಯ ಎರಡೂ ಕಡೆಯ ದನದ ದೊಡ್ಡಿಗಳಲ್ಲಿ ತುಪ್ಪ ಕೊಂಡು ಪೆರಂಬೂರಿಗೆ ತಂದು ಮಾರುತ್ತಿದ್ದ. ಕಾವೇರಿ ಗಲಾಟೆಯ ದಿನಗಳು. ಚೆಕ್‌ಪೋಸ್ಟಿನಲ್ಲಿ ಆ ಕಡೆಯವರು ಅವನನ್ನು ತಮಿಳ ಎಂದು ತಡೆದರೆ, ಈ ಕಡೆಯವರು ಕನ್ನಡಕ್ಕಾರ ಎಂದು ತಡೆದರು. ಅತ್ತ ದರಿ, ಇತ್ತ ಪುಲಿ.

“ನೀನು ಯಾರಪ್ಪಾ, ಸರಿಯಾಗಿ ಹೇಳು,” ಎಂದ ಒಬ್ಬ.

“ತುಪ್ಪದೋನು ಸ್ವಾಮಿ,” ಎಂದ ಅಪ್ಪ. ಅವರು ನಕ್ಕು ಬಿಟ್ಟುಬಿಟ್ಟರು.

ಡಬ್ಬ ಹೊರಲು ಬಂದಿದ್ದ ಮಾದಪ್ಪ ಮಾತ್ರ ನಗಲಿಲ್ಲ. “ಕುಲ ಕೇಳುದ್ರೆ ಸರಕು ಹೇಳ್ತೀಯಲ್ಲಣ್ಣ. ಒಂದಿನ ನಮಗೂ ನಿನ್ನ ಗುರ್ತು ಸಿಕ್ಕಕ್ಕಿಲ್ಲ ನೋಡು.”

ಅಪ್ಪ ಡಬ್ಬ ಹೊತ್ತು ಬೆಟ್ಟ ಇಳಿದ. ಮನೆಯಲ್ಲಿ ಮಗಳ ಜೊತೆ ಕನ್ನಡವನ್ನೇ ಆಡಬೇಕೆಂದು ಅವನು ಹಟ ಹಿಡಿದದ್ದು ಆಮೇಲೆ. ಅವಳು ತಮಿಳಿನಲ್ಲೇ ಉತ್ತರಿಸುತ್ತಿದ್ದಳು.

*

ಅವ್ವ ಮಾರಾಟಕ್ಕೆ ಇಟ್ಟಿದ್ದ ಡಬ್ಬದ ಮುಚ್ಚಳ ಕಿತ್ತು ತುಪ್ಪ ಕಾಯಿಸಿದಳು.

“ಅವ್ವಾ, ಅದು ಬ್ಯಾಂಕ್ ಮಾಮಿ ಆರ್ಡರ್...”

“ಇವತ್ತು ಗಿರಾಕಿ ಇವ್ರೇ ಕಣಮ್ಮಿ. ತೀಡು.”

ಬಿಸಿನೀರಿನ ಬಟ್ಟೆ ಸುತ್ತಿ, ತುಪ್ಪ ಹಚ್ಚಿ, ತಾಯಿ ಮಗಳು ಎರಡು ಗಂಟೆ ತೀಡಿದರು. ಸೊಂಟ ಬಾಗಿತು. ಬಲಗಾಲು ಲಟಕ್ಕೆಂದು ಮಡಚಿತು. ವಂದನಾ ಸಂತೋಷಕ್ಕೋ ಹೆದರಿಕೆಗೋ ಅತ್ತುಬಿಟ್ಟಳು. ಎಡಗಾಲು ಜಪ್ಪಯ್ಯ ಎಂದರೂ ಮಡಚಲಿಲ್ಲ. ಅಷ್ಟರಲ್ಲಿ ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು.

ಮಾದಪ್ಪ ಒಳಗೆ ಬಂದ. ಅಣ್ಣ ಗೋಡೆಗೆ ಒರಗಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತಿದ್ದ. ನೆಂಟರೆಲ್ಲ ಮಾದಪ್ಪನ ಮುಖವನ್ನೇ ನೋಡಿದರು.

“ತಪ್ಪು ನಂದು ಚಿಕ್ಕಪ್ಪಾ,” ವಂದನಾ ಅವನ ಕಾಲು ಹಿಡಿದಳು. “ನಾನ್‌ತಾನ್ ಪೆಟ್ಟಿಗೆ ತರ್ಸಿದ್ದು. ಅಪ್ಪ ಪಾವಂ, ಅವ್ರ್ ಮೇಲೆ ಕೋಪ ಮಾಡ್ಬೇಡಿ.”

ಮಾದಪ್ಪ ಕುಕ್ಕರುಗಾಲಲ್ಲಿ ಕೂತು ಆ ಮಂಡಿ ಮುಟ್ಟಿದ. ಬೆರಳು ಮೂಸಿದ. ಅವನದೇ ದೊಡ್ಡಿಯ ತುಪ್ಪ. ಎದ್ದು ಹೋಗಿ ವ್ಯಾನಿನಲ್ಲಿ ಕೂತ. ವ್ಯಾನು ಊರಿಗೆ ತಿರುಗುತ್ತದೋ ರುದ್ರಭೂಮಿಗೋ ಎಂದು ವಂದನಾ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದಳು. ಅದು ಹೆಣದ ಗಾಡಿಯ ಹಿಂದೆಯೇ ಬಂತು.

ಗುಣಿ ಚೌಕವಾಗಿ ಅಗೆದು ತಯಾರಾಗಿತ್ತು. ಕೂತವನಿಗೆ ಸಾಕು, ಚಾಚಿದ ಕಾಲಿಗೆ ಸಾಲದು. ಗುಣಿ ತೋಡಿದವನು ಗಡಿಯಾರ ನೋಡಿ, ಹಾರೆ ತೋರಿಸಿ, ಮೆಲ್ಲಗೆ ಕೇಳಿದ: “ಕಾಲ್ ಒಡೈಚ್ಚಿಡಲಾಮಾ?”

ಮುರಿಯೋಣವೇ! ವಂದನಾ ಅಪ್ಪನ ಕಾಲಿನ ಮೇಲೆ ಬಿದ್ದು ತಬ್ಬಿಕೊಂಡಳು. ಅವ್ವ ಕಿರುಚಿದಳು.

ಮಾದಪ್ಪ ಹೆಗಲ ಟವೆಲ್ ತೆಗೆದು ಸೊಂಟಕ್ಕೆ ಬಿಗಿದ. ಗುಣಿ ತೋಡಿದವನ ಕೈಯಿಂದ ಹಾರೆ ಕಿತ್ತುಕೊಂಡು ಗುಣಿಗೆ ಧುಮುಕಿದ.

“ಊರ್ಗೆಲ್ಲ ಒಂದು ದಾರಿ ಆದ್ರೆ ಎಡವಟ್ಟಂಗೇ ಒಂದು ದಾರಿ,” ಎಂದು ಅಣ್ಣನನ್ನು ಬಯ್ಯುತ್ತ, ಸುರಿಯುವ ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತ, ಗುಣಿಯ ಗೋಡೆಯ ಬುಡದಲ್ಲಿ ಕಿರಿದಾದ ಗೂಡು ಕೊರೆಯತೊಡಗಿದ. ಮೊಳ ಹಾಕಿ ನೋಡಿದ. ಮತ್ತೆ ಅಗೆದ. ಕೊನೆಗೆ ಹಾರೆ ಬದಿಗಿಟ್ಟು, ಅಣ್ಣ ಕೂರಬೇಕಾದ ಜಾಗದಲ್ಲಿ ತಾನೇ ಕೂತು, ಬಲಗಾಲು ಮಡಚಿ, ಎಡಗಾಲನ್ನು ಆ ಗೂಡಿನೊಳಗೆ ಚಾಚಿದ.